ಚಂದ್ರನ ಮೇಲೊಂದು ಕರ್ಚೀಫು

ಎಲ್ಲ ಅನಾಹುತಕ್ಕೂ ಕಾರಣ ಒಂದು ಹಳದಿ ಕರ್ಚೀಫು. ಹುಬ್ಬಳ್ಳಿಯಲ್ಲಿ ಧಾರವಾಡದ ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ. ಅಷ್ಟರಲ್ಲೇ ಅದು ಕಿಟಕಿಯಿಂದ ಹಾರಿಬಂದು ಮುಂದಿನ ಸೀಟಿನ ಮೇಲೆ ಬಿತ್ತು. ಅವಳಿನಗರದಲ್ಲಿ ಅಷ್ಟಾದರೆ ಮುಗಿಯಿತು, ಸೀಟು ಕರ್ಚೀಫಿನವರದು. ಅದನ್ನು ಯಾರೂ ಪ್ರಶ್ನಿಸಿದ್ದಿಲ್ಲ, ಶಿವಯೋಗೀಶ ಆ ಬಸ್ಸು ಹತ್ತುವವರೆಗೆ.

ಪಾಪ, ಅವನ ತಲೆ ಅಂದು ಭೂಮಿಯ ಮೇಲಿರಲಿಲ್ಲ. ಧಾರವಾಡದ ಕೋಚಿಂಗ್ ಸೆಂಟರೊಂದರಲ್ಲಿ ಅವನು ಪಾಠ ಮಾಡಿ ತೋರಿಸಬೇಕಿತ್ತು. ಬಾಹ್ಯಾಕಾಶದಲ್ಲಿ ದೇಶಗಳು ಜಾಗ ಹಿಡಿಯಬಹುದೇ ಎಂಬುದು ಎಲ್ಲ ಅಭ್ಯರ್ಥಿಗಳಿಗೂ ಕೊಟ್ಟ ವಿಷಯ. ಪಾಠ ಹಿಡಿಸಿದರೆ ನೌಕರಿ. ಇಲ್ಲವಾದರೆ ಸೋಮವಾರದಿಂದ ಮಾವ ಶಾಂತಯ್ಯನವರ ಹತ್ತಿ ಅಂಗಡಿಯಲ್ಲಿ ಅವರ ಮಗ್ಗುಲಿಗೇ ಕೂರುತ್ತೇನೆಂದು ಹೆಂಡತಿ ರಜನಿಗೆ ಮಾತು ಕೊಟ್ಟಿದ್ದ. ಮಾವ ಬಂಗಾರದಂಥ ಮನುಷ್ಯ. ಆದರೆ ಬೆಳಗ್ಗೆ ಬಾಯಿ ತೆರೆದರೆ ಅಂಗಡಿಯ ಬಾಗಿಲು ಹಾಕುವಾಗಲೇ ಮುಚ್ಚುತ್ತಿದ್ದುದು.

ಪಾಠವನ್ನು ತುಟಿಯಲ್ಲೇ ಗುನುಗುತ್ತ ಶಿವಯೋಗೀಶ ಹಳದಿ ಕರ್ಚೀಫಿನ ಮೇಲೆಯೇ ಕುಳಿತ.

“ಏಳ್ರಿ ಸರ, ಅದು ನನ್ನ ಸೀಟು,” ಎಂದಳು ಕೈಚೀಲ ಹಿಡಿದು ಹತ್ತಿಬಂದ ಚನ್ನಬಸವ್ವ. “ಕರ್ಚೀಫ್ ಕಾಣಲಿಲ್ಲೇನ್ರಿ?”

“ಕರ್ಚೀಫ್ ಹಾಕಿದ್ರ ಜಾಗಾ ನಿಮ್ಮದಾಗೂದಿಲ್ಲರಿ ಅಕ್ಕಾರ. ಅಮೆರಿಕಾದವ್ರು ಚಂದ್ರನ ಮ್ಯಾಲೆ ಬಾವುಟಾ ನೆಟ್ಟು ಬಂದ್ರು. ಚಂದ್ರ ಅವರದಾತೇನು?”

“ಆಗಲಿಲ್ಲೇನ್ರಿ?” ಹಿಂದಿನ ಸೀಟಿನ ಮುದುಕ ಫಕ್ರುಸಾಬ ಗಾಬರಿಯಿಂದ ಕೇಳಿದ.

“ಆಗಲಿಲ್ಲ ಕಾಕಾ. ಹತ್ತೊಂಬತ್ತನೂರಾ ಅರವತ್ತೇಳರಾಗ ದೇಶದೇಶಗಳು ಒಪ್ಪಂದ ಮಾಡ್ಕೊಂಡಾವ. ಬಾವುಟಾ ನೆಡ್ರಿ, ಮನಿ ಕಟ್ರಿ, ಬೇಕಾದಷ್ಟ ದಿನಾ ಕುಂಡ್ರಿ. ಯಾವ ದೇಶಾನೂ ಅದನ್ನ ನಂದು ಅನ್ನಾಂಗಿಲ್ಲ.”

“ಚಂದ್ರಗ ಹೋಗಾಕ ಯಾರು ಗದ್ಲಾ ಮಾಡ್ತಾರ?” ಎಂದಳು ಚನ್ನಬಸವ್ವ. “ಧಾರವಾಡಕ್ಕ ಹೋಗೂದು ನೋಡ್ರಿ, ನಿಂದ್ರಾಕ ಜಾಗಾ ಇಲ್ಲ.”

ಇಡೀ ಬಸ್ಸು ಅವಳ ಕಡೆಗಾಯಿತು. ಕಂಡಕ್ಟರ್ ಬಾಬುಸಾಬ ಟಿಕೆಟ್ ಮಶೀನು ಕಂಕುಳಲ್ಲಿಟ್ಟುಕೊಂಡು ತೀರ್ಪು ಕೊಟ್ಟ: “ಸರ, ಚಂದ್ರನ ವಿಚಾರ ನಿಮಗ ಬಿಟ್ಟೇನಿ. ಈ ಬಸ್ಸಿನ್ಯಾಗ ಮಾತ್ರ ಕರ್ಚೀಫ್ ಹಾಕಿದವ್ರದ ಸೀಟು.”

ಶಿವಯೋಗೀಶ ಎದ್ದು ನಿಂತ, ಆದರೆ ಸೋಲಲಿಲ್ಲ. ಪಕ್ಕದಲ್ಲಿ ಇಸ್ತ್ರಿ ಅಂಗಿಯ ತರುಣನೊಬ್ಬ ನಿಂತಿದ್ದ, ಶಶಿಕುಮಾರ ಅಂತ. ಅವನು ಬಹಳ ವಿನಯದಿಂದ ಕೇಳಿದ: “ಒಂದು ಕಂಪನಿ ಅಲ್ಲೆ ಪ್ಲಾಟ್ ಮಾಡಿ ಮಾರಿದ್ರ, ಸರ?”

“ದೇಶಕ್ಕ ಇಲ್ಲದ ಹಕ್ಕು ಕಂಪನಿಗೆ ಎಲ್ಲಿಂದ ಬರ್ತೈತಿ? ಅಲ್ಲಿಂದ ಕಲ್ಲು ಮಣ್ಣು ತಂದ್ರ ಅದು ಯಾರದು ಅನ್ನೂದು ಬ್ಯಾರೆ. ಆ ಜಗಳಾ ಇನ್ನೂ ಬಗಿಹರದಿಲ್ಲ.”

ಇಂಥ ಶ್ರೋತೃ ಸಿಕ್ಕರೆ ಯಾರು ಬಿಡುತ್ತಾರೆ? ಶಿವಯೋಗೀಶ ಕಂಬಿ ಹಿಡಿದು ಜೋಲಿ ಹೊಡೆಯುತ್ತಲೇ ಪಾಠವನ್ನು ಕರ್ಚೀಫಿನ ಉದಾಹರಣೆ ಸಮೇತ ಮೊದಲಿನಿಂದ ಕೊನೆಯವರೆಗೆ ಹೇಳಿದ. ಬಸ್ಸು ತಲೆದೂಗಿತು. ಶಶಿಕುಮಾರ ಕೈಮುಗಿದು ಇಳಿದುಹೋದ. ಅಷ್ಟರಲ್ಲಿ ಫಕ್ರುಸಾಬ ಮಂಗಳ ಗ್ರಹದ ಸಂಗತಿ ಎತ್ತಿದ. ಅದನ್ನು ಬಗೆಹರಿಸುವ ಹೊತ್ತಿಗೆ ಶಿವಯೋಗೀಶ ಇಳಿಯಬೇಕಾದ ಸ್ಟಾಪು ಹಿಂದೆ ಬಿದ್ದಿತ್ತು.

ಬಿಸಿಲಲ್ಲಿ ಓಡೋಡುತ್ತ ಅವನು ಸೆಂಟರಿನ ಬಾಗಿಲು ಮುಟ್ಟಿದಾಗ ಒಳಗಿನಿಂದ ಪರಿಚಿತ ದನಿಯೊಂದು ಕೇಳಿಸಿತು: “ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ್ರ ಸೀಟು ನಿಮ್ಮದಾಗ್ತದೇನು?” ಹಲಗೆಯ ಮುಂದೆ ಶಶಿಕುಮಾರ ನಿಂತಿದ್ದ. ವಿದ್ಯಾರ್ಥಿಗಳು ಮೇಜು ಕುಟ್ಟಿ ನಗುತ್ತಿದ್ದರು.

ಶಿವಯೋಗೀಶನ ಸರದಿ ಬಂತು. ಬೇರೆ ಪಾಠ ಅವನಿಗೆ ಬರುತ್ತಿರಲಿಲ್ಲ. ಅಮೆರಿಕದ ಬಾವುಟ ನೆಡುವಷ್ಟರಲ್ಲೇ ಸೆಂಟರಿನ ಮುಖ್ಯಸ್ಥ ಕೈ ಎತ್ತಿದ.

“ಸರ, ಈಗಷ್ಟ ಅವ್ರು ಹೇಳಿದ್ದನ್ನ ತಿರಗಿ ಹೇಳಾಕತ್ತೀರಲ್ಲ.”

“ಅದು ನನ್ನ ಪಾಠರಿ. ಮೊದಲ ಹೇಳಿದಾವ ನಾನು.”

“ಮೊದಲ ಮುಟ್ಟಿದವ್ರಿಗೆ ಹಕ್ಕು ಬರೂದಿಲ್ಲ, ಸರ,” ಎಂದ ಶಶಿಕುಮಾರ, ಅದೇ ವಿನಯದಿಂದ. ನೌಕರಿ ಅವನಿಗಾಯಿತು.

ಸಂಜೆ ಹುಬ್ಬಳ್ಳಿಯ ಬಸ್ಸು ಬಂದಾಗ ಶಿವಯೋಗೀಶನ ಕಾಲು ಸೋತಿದ್ದವು, ಸಿದ್ಧಾಂತವೂ ಸೋತಿತ್ತು. ಅವನು ಸುತ್ತಮುತ್ತ ನೋಡಿ, ಜನ್ಮದಲ್ಲಿ ಮೊದಲ ಸಲ, ತನ್ನ ಕರ್ಚೀಫನ್ನು ಕಿಟಕಿಯೊಳಗೆ ಎಸೆದ. ನೂಕುನುಗ್ಗಲಲ್ಲಿ ಹತ್ತಿ ನೋಡಿದರೆ ಆ ಸೀಟಿನಲ್ಲಿ ಚನ್ನಬಸವ್ವ ಕುಳಿತಿದ್ದಳು. ಕರ್ಚೀಫನ್ನು ಚೆಂದಾಗಿ ಮಡಚಿ ಅವನ ಕೈಗಿತ್ತಳು.

“ತಗೋರಿ ನಿಮ್ಮ ಬಾವುಟಾ. ಮುಂಜಾನಿ ನೀವು ಹೇಳಿದ್ದು ಆಮ್ಯಾಲೆ ನನಗ ಖರೇ ಅನಿಸ್ತರಿ.”

ಶಿವಯೋಗೀಶ ದೀನನಾಗಿ ಕಂಡಕ್ಟರನ ಮುಖ ನೋಡಿದ. ಅದೇ ಬಾಬುಸಾಬ.

“ನಾನೂ ವಿಚಾರ ಮಾಡಿದೆ ಸರ,” ಎಂದ ಬಾಬುಸಾಬ. “ಒಪ್ಪಂದ ಅಂದ್ರ ಒಪ್ಪಂದ.”

ಕಂಬಿಗೆ ಜೋತುಬಿದ್ದಾಗ ಫೋನು ಬಡಿದುಕೊಂಡಿತು. ಮಾವ.

“ನೌಕರಿ ಆತೇನ್ರಿ?”

“ಇಲ್ಲರಿ ಮಾವಾರ. ಬ್ಯಾರೆಯವ್ರಿಗೆ ಹೋತು.”

“ಹೋಗ್ಲಿ ಬಿಡ್ರಿ, ಚಿಂತಿ ಮಾಡಬ್ಯಾಡ್ರಿ. ಅಂಗಡ್ಯಾಗ ಗಾದಿ ಮ್ಯಾಲೆ ನನ್ನ ಬಾಜೂಕ ಮುಂಜಾನೇನ ಟಾವೆಲ್ ಹಾಸಿ ನಿಮಗ ಜಾಗಾ ಹಿಡದೇನಿ. ಅದನ್ನ ಯಾರೂ ಮುಟ್ಟೂದಿಲ್ಲ.”

ಆ ಟಾವೆಲಿನ ಹಕ್ಕನ್ನು ಪ್ರಶ್ನಿಸುವವರು ಯಾರಾದರೂ ಇದ್ದಾರೆಯೇ ಎಂದು ಶಿವಯೋಗೀಶ ಬಸ್ಸಿನ ತುಂಬ ಕಣ್ಣಾಡಿಸಿದ. ಒಬ್ಬರೂ ಇರಲಿಲ್ಲ.