ಸಾರಿನ ಪಾತ್ರೆಯಲ್ಲಿ ಥರ್ಮೋಸ್ಟಾಟ್

ಎಪ್ಪತ್ತು ದಾಟಿದ ಗಂಡಸರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಹೋಮಿಯೋಪತಿ ಕಲಿಯುತ್ತಾರೆ. ನನ್ನ ಗಂಡ ದಾಮೋದರರು ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ಕೊಂಡರು. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ, ವಯಸ್ಸು ಇಪ್ಪತ್ತರ ಮೇಲೆ. ಒಳಗೆ ಕೂರುವುದೆಂದರೆ ಬಾವಿಗೆ ಇಳಿದಂತೆ. ಹೊರಗೆ ಬರಲು ನೆರೆಹೊರೆಯವರ ಸಹಕಾರ ಬೇಕು. ವಡೋದರಾದ ಮಂಜಲ್‌ಪುರದಲ್ಲಿರುವ ನಮ್ಮ ಫ್ಲ್ಯಾಟಿಗೆ ಇರುವುದು ಒಂದೇ ಪಾರ್ಕಿಂಗ್ ಜಾಗ. ಅಲ್ಲಿ ಈ ಕೆಂಪು ಮಹಾರಾಣಿ ನೆರಳಿನಲ್ಲಿ ಪವಡಿಸಿದ್ದರೆ, ಒಂದು ದಿನವೂ ಕೈಕೊಡದ ನನ್ನ ಸಣ್ಣ ಕಾರು ರಸ್ತೆ ಬದಿಯ ಬಿಸಿಲಿನಲ್ಲಿ ಬೇಯುತ್ತಿತ್ತು. ನನ್ನ ದೂರು ಇಷ್ಟೇ.

ಮಹಾರಾಣಿಗೆ ಜ್ವರದ ಕಾಯಿಲೆ ಉಂಟೆಂದು ತಿಳಿದದ್ದು ಅಹಮದಾಬಾದಿನಲ್ಲಿ. ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ಸಭ್ಯಳಾಗಿದ್ದವಳು ಊರೊಳಗಿನ ಸಿಗ್ನಲ್ಲಿನಲ್ಲಿ ನಿಂತದ್ದೇ ತಡ, ಇಡ್ಲಿ ಬೇಯುವ ಪಾತ್ರೆಯ ಹಾಗೆ ಹಬೆ ಬಿಟ್ಟಳು. ಪಕ್ಕದ ಆಟೋದವನು ಇಣುಕಿ ನೋಡಿ, "ಥರ್ಮೋಸ್ಟಾಟ್ ಕಾಢಿ ನಾಖೋ, ಮಾಸಿ" ಎಂದ. ಕಿತ್ತುಹಾಕಿ ಚಿಕ್ಕಮ್ಮಾ ಎಂದು ಅರ್ಥ. ಸೋಡಾ ಮಾರುವವನೂ ಅದನ್ನೇ ಹೇಳಿದ. ವಡೋದರಾಕ್ಕೆ ಮರಳಿದ ಮೇಲೆ ಕೆಳಗಿನ ಮನೆಯ ಚಾರ್ಟರ್ಡ್ ಅಕೌಂಟೆಂಟರೂ ಅದನ್ನೇ ಹೇಳಿದರು.

ಥರ್ಮೋಸ್ಟಾಟ್ ಎಂದರೆ ಎಂಜಿನ್ನಿನ ನೀರಿನ ದಾರಿಯಲ್ಲಿ ಕೂತಿರುವ ಪುಟ್ಟ ಕವಾಟ. ಎಂಜಿನ್ ಹದವಾಗಿ ಕಾಯುವವರೆಗೆ ಮುಚ್ಚಿರುತ್ತದೆ. ಕಾದ ಮೇಲೆ ತಾನಾಗಿ ತೆರೆದುಕೊಂಡು ನೀರನ್ನು ತಣಿಯಲು ರೇಡಿಯೇಟರಿಗೆ ಕಳಿಸುತ್ತದೆ. ಯಾರೂ ಹೇಳದೆ, ಯಾರೂ ಗದರಿಸದೆ ತನ್ನ ಕೆಲಸ ತಾನು ಮಾಡುವ ವಸ್ತು ಈ ದೇಶದಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ. (ವಿಶ್ವವಿದ್ಯಾಲಯದಲ್ಲಿ ಥರ್ಮೋಡೈನಮಿಕ್ಸ್ ಪಾಠ ಮಾಡಿ ನಿವೃತ್ತಳಾದವಳು ನಾನು. ಇದರ ವಿಷಯದಲ್ಲಿ ನನಗೆ ತಮಾಷೆ ಹಿಡಿಸುವುದಿಲ್ಲ.)

"ಕಾರು ಮಾರಿಬಿಡಿ" ಎಂದೆ.

"ಮಾರುವ" ಎಂದರು ಇವರು, ಎಂದಿಲ್ಲದ ವಿಧೇಯತೆಯಿಂದ. "ಆದರೆ ಕಾಯಿಲೆಯ ಗಾಡಿಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಹೇಗೆ ಮಾರಾಯ್ತಿ? ಮೊದಲು ಗುಣ ಆಗಲಿ. ನಿನ್ನಿಂದ ಆಗದಿದ್ದರೆ ಆ ಥರ್ಮೋಸ್ಟಾಟ್ ತೆಗೆಸಿಬಿಡುವ."

ನಿನ್ನಿಂದ ಆಗದಿದ್ದರೆ. ಇದೇ ಊರಿನ ಫತೇಗಂಜ್‌ನಲ್ಲಿ ಆಯುಷ್ಯವಿಡೀ ಉಡುಪಿ ಹೋಟೆಲು ನಡೆಸಿ, ಮಸಾಲೆ ದೋಸೆ ಮಡಚುವುದನ್ನು ಬಿಟ್ಟು ಬೇರೆ ಎಂಜಿನಿಯರಿಂಗ್ ತಿಳಿಯದ ಮನುಷ್ಯ ನನಗೆ ಹೇಳಿದ ಮಾತು.

ಮರುದಿನವೇ ಆರೋಪಿಯನ್ನು ಬಿಚ್ಚಿಸಿ ಅಡುಗೆಮನೆಗೆ ತಂದೆ. ಪಾತ್ರೆಯಲ್ಲಿ ನೀರು ತುಂಬಿಸಿ, ಥರ್ಮೋಸ್ಟಾಟನ್ನು ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ಒಲೆಯ ಮುಂದೆ ನಿಂತೆ. ಇವರು ವಾಸನೆ ಹಿಡಿದು ಬಂದರು.

"ಅದೆಂತ ಕುದಿಸುವುದು? ಅದು ನನ್ನ ಸಾರಿನ ಪಾತ್ರೆ ಅಲ್ವಾ?"

"ವಿಚಾರಣೆ ನಡೀತಿದೆ. ಮಾತಾಡಬೇಡಿ."

"ಎಂಜಿನ್ ಎಣ್ಣೆಯ ಒಗ್ಗರಣೆ ಆಯ್ತು. ಇನ್ನು ಕೊತ್ತಂಬರಿ ಒಂದು ಬಾಕಿ."

ಎಂಬತ್ತೆರಡು ಡಿಗ್ರಿಗೆ ಕವಾಟ ಮೆಲ್ಲಗೆ ಬಾಯಿ ತೆರೆಯಿತು. ಒಲೆ ಆರಿಸಿದೆ; ನೀರು ತಣಿದಂತೆ ಮುಚ್ಚಿಕೊಂಡಿತು. ಇಡೀ ಗುಜರಾತು ಗಲ್ಲಿಗೇರಿಸಲು ಹೊರಟಿದ್ದ ಥರ್ಮೋಸ್ಟಾಟ್ ನಿರಪರಾಧಿ. ಒರೆಸಿ ಸ್ವಸ್ಥಾನಕ್ಕೆ ಮರಳಿಸಿದೆ.

ಹಾಗಾದರೆ ಯಾರು? ಕಾರು ಓಡುವಾಗ ಕಾಯುವುದಿಲ್ಲ, ನಿಂತಾಗ ಮಾತ್ರ ಕಾಯುತ್ತದೆ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ರೇಡಿಯೇಟರಿನ ಫ್ಯಾನು ಗಾಳಿಯನ್ನು ಒಳಕ್ಕೆ ಎಳೆಯಬೇಕು. "ಫ್ಯಾನು ತಿರುಗ್ತಾ ಉಂಟಲ್ಲ" ಎಂದರು ಇವರು. ತಿರುಗುತ್ತಿತ್ತು, ನಿಜ. ಎಂಜಿನ್ ಕಾಯಿಸಿ, ಫ್ಯಾನು ಶುರುವಾದ ಮೇಲೆ ಒಂದು ಮದುವೆಯ ಕರೆಯೋಲೆಯನ್ನು ಕಾರಿನ ಮೂತಿಗೆ ಹಿಡಿದೆ. ಗಾಳಿ ಒಳಕ್ಕೆ ಹೋಗುತ್ತಿದ್ದರೆ ಅದು ಜಾಲರಿಗೆ ಅಂಟಬೇಕಿತ್ತು. ಹಾರಿ ಬಂದು ನನ್ನ ಮುಖಕ್ಕೆ ಬಡಿಯಿತು. ಹಿಂದೆ ಯಾರೋ ಪುಣ್ಯಾತ್ಮ ವೈರುಗಳನ್ನು ಅದಲುಬದಲು ಜೋಡಿಸಿದ್ದ. ಫ್ಯಾನು ಉಲ್ಟಾ ತಿರುಗುತ್ತಿತ್ತು. ಎರಡು ವೈರು ಬದಲಾಯಿಸಿದೆ. ಕಾಯಿಲೆ ಹೋಯಿತು.

ಆ ಸಂಜೆ ಫತೇಗಂಜ್‌ನ ಜನಜಂಗುಳಿಯಲ್ಲಿ ನಾನೇ ಓಡಿಸಿ ಪರೀಕ್ಷಿಸಿದೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿನಿಂದ ಕದಲಲಿಲ್ಲ. ಇನ್ನೂ ಎರಡು ಸಂಜೆ ಪರೀಕ್ಷಿಸಿದೆ, ಛಾವಣಿ ಮಡಚಿ. (ಒಂದು ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದು.)

ಗಿರಾಕಿಯನ್ನು ಇವರೇ ಹುಡುಕಿದರು. ಸೂರತ್ತಿನ ಮಂಥನ್, ಇಲ್ಲಿ ಓದುವಾಗ ನಮ್ಮ ಹೋಟೆಲಿನಲ್ಲಿ ದಿನವೂ ದೋಸೆ ತಿಂದವನು; ಈಗ ಸೀರೆಯ ಅಂಚಿನ ವ್ಯಾಪಾರ. ಭಾನುವಾರ ಬಂದ, ಕಾಲಿಗೆ ನಮಸ್ಕರಿಸಿದ, ಕಾರು ಓಡಿಸಿದ, ಬಾಯಿತುಂಬ ಹೊಗಳಿದ. ನನ್ನ ಸಣ್ಣ ಕಾರಿಗೆ ನೆರಳು ಸಿಗುವುದೊಂದೇ ಬಾಕಿ. ಆಗ ಅವನು ಕಾಫಿ ಲೋಟ ಕೆಳಗಿಟ್ಟು, ಶಾಲೆಯ ಮಗು ಪದ್ಯ ಒಪ್ಪಿಸುವಂತೆ ಹೇಳಿದ:

"ಮಾಸಿ, ಒಯ್ದ ಕೂಡಲೇ ಇದರ ಥರ್ಮೋಸ್ಟಾಟ್ ಕಿತ್ತು ಬಿಸಾಡ್ತೇನೆ. ನಮ್ಮ ಕಡೆಯ ಬಿಸಿಲಿಗೆ ಅದು ಬೇಡ."

ನಾನು ಎದ್ದು ನಿಂತೆ. "ಕಾರು ಮಾರಾಟಕ್ಕಿಲ್ಲ."

"ಮಾತು ಕೊಟ್ಟಾಗಿದೆ ಅಲ್ವಾ ಮಾರಾಯ್ತಿ" ಎಂದರು ಇವರು.

"ನೀವು ಸುಮ್ಮನಿರಿ."

ಇವರು ಸುಮ್ಮನಾದರು. ಇಷ್ಟು ಬೇಗ ಸುಮ್ಮನಾದದ್ದನ್ನು ನಾನು ಗಮನಿಸಬೇಕಿತ್ತು. ವಿಜ್ಞಾನಿಗೆ ಅದೂ ಒಂದು ಸಾಕ್ಷ್ಯವೇ.

ಮಂಥನ್ ಮರೆತ ಕಪ್ಪು ಕನ್ನಡಕ ಕೊಡಲೆಂದು ನಾನು ಬಾಗಿಲಿಗೆ ಹೋದೆ. ಅವನು ಆಚೆ ಬಗ್ಗಿ ಶೂ ಹಾಕಿಕೊಳ್ಳುತ್ತಿದ್ದ; ಇವರು ನನಗೆ ಬೆನ್ನು ಮಾಡಿ ಪಕ್ಕದಲ್ಲಿ ನಿಂತಿದ್ದರು.

"ದಾಮೋದರ ಕಾಕಾ, ನೀವು ಹೇಳಿಕೊಟ್ಟ ಹಾಗೇ ಹೇಳಿದೆನಲ್ಲ?"

"ಬರಾಬರ್, ಬರಾಬರ್. ಮೆಲ್ಲಗೆ ಮಾತಾಡು."

"ಒಂದೇ ಒಂದು ಸಂಶಯ ಕಾಕಾ. ಥರ್ಮೋಸ್ಟಾಟ್ ಅಂದರೆ ಏನು?"

ಇವರು ತಿರುಗಿದಾಗ ನಾನು ಬಾಗಿಲಿನಲ್ಲಿದ್ದೆ. ಐವತ್ತು ವರ್ಷಕ್ಕೆ ಹತ್ತಿರದ ದಾಂಪತ್ಯದಲ್ಲಿ ಆ ಮುಖದಿಂದ ರಕ್ತ ಇಳಿದದ್ದನ್ನು ಕಂಡದ್ದು ಅದೇ ಮೊದಲು. ಆಗಲೇ ಮಂಥನ್‌ನನ್ನು ಹಿಡಿದು ಕೀಲಿಕೈ ಕೊಟ್ಟುಬಿಡಬಹುದಿತ್ತು. ಕೊಡಬೇಕಿತ್ತು. ಆದರೆ ಒಬ್ಬ ಯುವಕ ನನ್ನ ಮನೆಯ ಹೊಸ್ತಿಲಲ್ಲಿ ನಿಂತು ಥರ್ಮೋಸ್ಟಾಟ್ ಅಂದರೆ ಏನು ಎಂದು ಕೇಳಿದ್ದ. ನಿವೃತ್ತಿಯ ಮೇಲೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

"ಶೂ ಬಿಚ್ಚು" ಎಂದೆ ಅವನಿಗೆ. "ನೀವು ಸಾರಿನ ಪಾತ್ರೆ ತೊಳೆದು ತನ್ನಿ" ಎಂದೆ ಇವರಿಗೆ.

ಥರ್ಮೋಸ್ಟಾಟ್ ಬಿಚ್ಚಿ, ಕುದಿಸಿ ತೋರಿಸಿ, ಮತ್ತೆ ಸ್ವಸ್ಥಾನದಲ್ಲಿ ಕೂರಿಸಿ ಪಾಠ ಮುಗಿಯುವಷ್ಟರಲ್ಲಿ ಮಂಥನ್‌ನ ಸೂರತ್ ರೈಲು ಹೋಗಿತ್ತು. ಮುಂದಿನ ರೈಲಿಗೆ ಅವನನ್ನು ಮುಟ್ಟಿಸಬೇಕಿತ್ತು. ನನ್ನ ಕಾರಿನ ಸ್ಟಿಯರಿಂಗ್ ಬಿಸಿಲಿಗೆ ಮುಟ್ಟಲಾಗದಷ್ಟು ಕಾದಿತ್ತು. ಹಾಗಾಗಿ ಮಹಾರಾಣಿಯನ್ನೇ ಹೊರಡಿಸಿದೆ. ಎರಡೇ ಸೀಟಾದ್ದರಿಂದ ಇವರು ಮನೆಯಲ್ಲೇ ಉಳಿದರು. ಕಾರಿನೊಳಗೆ ಇಳಿಯಲು ನನ್ನ ಕೈ ಹಿಡಿದುಕೊಂಡು, "ಛಾವಣಿ ಮಡಚಲಾ?" ಎಂದು ಕೇಳಿದರು.

"ಮಡಚಿ" ಎಂದೆ.