ಹನ್ನೆರಡನೇ ಪಾಲಿನ ಹುಲ್ಲು

ಹುಲ್ಲು ಬೆಳೆದು ನಿಂತಿರುವುದನ್ನು ಕಂಡರೆ ಹಿರಿಯಡ್ಕದ ಶಾಲೆಯ ಹಿಂದಿನ ಮನೆಗಳವರಿಗೆ ಕೈ ಸುಮ್ಮನಿರುವುದಿಲ್ಲ. ಒಂದೋ ಕತ್ತಿ ತಂದು ಕೊಯ್ಯುತ್ತಾರೆ, ಇಲ್ಲವೇ ದನ ತಂದು ಕಟ್ಟುತ್ತಾರೆ. ಹುಲ್ಲಿಗೂ ಒಬ್ಬ ಯಜಮಾನ ಇರುತ್ತಾನೆ ಎಂಬುದು ಲೀಲಾಧರ ಬರುವವರೆಗೆ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಲೀಲಾಧರ ಕಾಪುವಿನವನು. ಇಪ್ಪತ್ತೆರಡು ವರ್ಷ ದೋಣಿಯಲ್ಲಿ ಬಲೆ ಎಳೆದು ಸೊಂಟ ಕೆಟ್ಟ ಮೇಲೆ, ಹೆಂಡತಿ ಪುಷ್ಪಾವತಿಗೆ ಬಂದಿದ್ದ ಒಂದು ಎಕರೆ ಗುಡ್ಡೆಗೆ ಬಂದು, ಮೊಬೈಲಿನಲ್ಲಿ ವಿಡಿಯೊ ನೋಡಿ ಹತ್ತು ಕುರಿ ತಂದಿದ್ದ. ವಿಡಿಯೊದ ಪ್ರಕಾರ ಕುರಿಯನ್ನು ಕಂಡಲ್ಲಿ ಮೇಯಲು ಬಿಡಬಾರದು. ಜಾಗವನ್ನು ಹನ್ನೆರಡು ಪಾಲು ಮಾಡಿ ಒಂದೊಂದರಲ್ಲಿ ಮೂರು ದಿನ ಮೇಯಿಸಬೇಕು. ಆಮೇಲೆ ಆ ಪಾಲಿಗೆ ಒಂದು ತಿಂಗಳು ರಜೆ. ಬೇಲಿಗೆ ಬೇಕಾದಷ್ಟು ಹಳೆಯ ಮೀನಿನ ಬಲೆ ಅವನಲ್ಲಿತ್ತು. ಅದನ್ನು ಕಟ್ಟಿದ ಮರುದಿನದಿಂದಲೇ ಊರಿನ ಬೆಕ್ಕುಗಳೆಲ್ಲ ಬಂದು, ಮದುವೆಯಲ್ಲಿ ಎರಡನೇ ಪಂಕ್ತಿಗೆ ಕಾದವರ ಹಾಗೆ ಬೇಲಿಯ ಸುತ್ತ ಕುಳಿತವು.

ಪಕ್ಕದ ಮನೆಯ ಜನಾರ್ದನ ಮೇಷ್ಟ್ರು ಶಾಲೆಯಿಂದ ನಿವೃತ್ತರಾದರೂ ಪಾಠದಿಂದ ಆಗಿರಲಿಲ್ಲ. ದಿನಾ ಸಂಜೆ ಕಂಪೌಂಡಿನ ಆಚೆ ನಿಂತು, ಎದುರಿಗೆ ಊಟ ಬಡಿಸಿ ಕೈ ಕಟ್ಟಿ ಹಾಕಿದ ಹಾಗಾಯಿತಲ್ಲ ಮಾರಾಯ ಎಂದು ನಗುತ್ತಿದ್ದರು. ಲೀಲಾಧರನೂ ಬಿಡದೆ, ಬೇರಿಗೆ ವಿಶ್ರಾಂತಿ ಬೇಕು, ಜಾಗ ಬದಲಾಯಿಸಿದರೆ ಕುರಿಗೆ ಜಂತುಹುಳದ ಕಾಟ ಕಡಿಮೆ, ಹಿಕ್ಕೆ ಎಲ್ಲ ಕಡೆ ಸಮನಾಗಿ ಬೀಳುತ್ತದೆ ಎಂದು ವಿವರಿಸುತ್ತಿದ್ದ. ಮೇಷ್ಟ್ರು ಅದನ್ನು ದಡ್ಡ ಹುಡುಗನ ಉತ್ತರ ಕೇಳಿದಂತೆ ಕೇಳುತ್ತಿದ್ದರು.

ಪುಷ್ಪಾವತಿಗೂ ಸಾಕಾಗಿತ್ತು. ಕೊನೆಗೆ ಅವಳೇ ಒಂದು ತೀರ್ಮಾನಕ್ಕೆ ಬಂದಳು. "ನಾಡಿದ್ದು ಶನಿವಾರ ದನದ ಡಾಕ್ಟ್ರು ಕಾರ್ಕಳದ ರೈತರನ್ನು ಕರ್ಕೊಂಡು ನೋಡ್ಲಿಕ್ಕೆ ಬರ್ತಾರಲ್ಲ. ಅವರು ನಾಲ್ಕು ಜನರ ಎದುರು ಇದು ಸರಿ ಅಂತ ಹೇಳಿದರೆ ಕುರಿ ಇರಲಿ. ಇಲ್ಲದಿದ್ದರೆ ಆದಿತ್ಯವಾರ ಅಖಿಲನ ಟೆಂಪೊ ಬರ್ತದೆ." ಅಖಿಲ್ ಅವಳ ತಮ್ಮ. ಟೆಂಪೊ ಯಾವ ಕಡೆಗೆ ಹೋಗುವುದೆಂದು ಲೀಲಾಧರ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಅಂಗಿಗೆ ಇಸ್ತ್ರಿ ಹಾಕಿ ಗುಡ್ಡೆಗೆ ಹೋದ. ಹನ್ನೆರಡನೇ ಪಾಲಿನಲ್ಲಿ ಮೂವತ್ತಮೂರು ದಿನ ಯಾರೂ ಮುಟ್ಟದ ಹುಲ್ಲು ಮೊಣಕಾಲೆತ್ತರ ನಿಂತಿತ್ತು. ಹತ್ತು ಗಂಟೆಗೆ ಎಲ್ಲರ ಎದುರು ಕುರಿಗಳನ್ನು ಅದಕ್ಕೆ ಬಿಡುವುದೆಂದು ಲೆಕ್ಕ. ಹುಲ್ಲಿನ ನಡುವೆ ಮೇಷ್ಟ್ರ ಹೆಂಡತಿ ರಮಾಮಣಿಯಮ್ಮನ ಕೆಂದು ದನ ಕಣ್ಣು ಅರೆಮುಚ್ಚಿ ಮೇಯುತ್ತಿತ್ತು.

"ಎಂತ ರಮಾಮಣಿಯಕ್ಕ ಇದು?" ಎಂದ ಲೀಲಾಧರ. ರಮಾಮಣಿಯಮ್ಮ ಕಂಪೌಂಡಿನ ಆಚೆಯಿಂದ ತಲೆ ಎತ್ತಿದರು.

"ಹುಲ್ಲು ಸುಮ್ಮನೆ ಹಾಳಾಗ್ತಾ ಉಂಟಲ್ಲ ಅಂತ ಕಟ್ಟಿದೆ. ನಿನಗೂ ಉಪಕಾರ ಆಯ್ತಲ್ವಾ?" ಎಂದು ಹೇಳಿ ಅವರು ಒಳಗೆ ದೋಸೆ ಮಗುಚಲು ಹೋದರು.

ಅವನು ಹಗ್ಗ ಬಿಚ್ಚಿ ಎಳೆದ. ದನ ಬರಲಿಲ್ಲ. ಬೆನ್ನಿಗೆ ಒಂದು ತಟ್ಟಿದ. ಅದು ಬಂತು, ಆದರೆ ಅವನ ಕಡೆಗಲ್ಲ, ಬಲೆಯ ಕಡೆಗೆ. ಕೊಂಬಿಗೆ ಸಿಕ್ಕಿದ ಬಲೆಯನ್ನು ಮದುಮಗಳ ಸೆರಗಿನಂತೆ ಹೊದ್ದುಕೊಂಡು, ಗೂಟಗಳನ್ನು ಒಂದೊಂದಾಗಿ ಕೀಳುತ್ತ ರಸ್ತೆಗೆ ಓಡಿತು. ಹಿಂದೆ ಲೀಲಾಧರ, ಅವನ ಹಿಂದೆ ಬೆಕ್ಕುಗಳು. ಬೇಲಿ ಇಲ್ಲದ್ದನ್ನು ಕಂಡ ಹತ್ತು ಕುರಿಗಳು, ಯಾವ ವಿಡಿಯೊವನ್ನೂ ನೋಡದ ಕಾರಣ, ಸೀದಾ ಮೇಷ್ಟ್ರ ತೆಂಗಿನ ಹಿತ್ತಲಿಗೆ ನುಗ್ಗಿದವು.

ಅಷ್ಟರಲ್ಲಿ ಜೀಪು ಬಂತು, ಹಿಂದೆಯೇ ಕಾರ್ಕಳದ ರೈತರ ವ್ಯಾನು. ಮೊದಲು ಬರುತ್ತೇನೆಂದಿದ್ದ ಡಾಕ್ಟರಿಗೆ ವರ್ಗವಾಗಿತ್ತು. ಬಂದವರು ಸಿರಿಲ್ ಡಾಕ್ಟ್ರು, ಹೊಸಬರು. ಅವರ ಚೀಟಿಯಲ್ಲಿ 'ಶಾಲೆಯ ಹಿಂದೆ, ಕುರಿ ಸಾಕುವವರು' ಎಂದಷ್ಟೇ ಇತ್ತು. ಕುರಿ ಕಂಡಲ್ಲಿ ಅವರು ಇಳಿದರು.

ಕುರಿಗಳು ಕಳೆಯನ್ನು ಬೋಳುಮಂಡೆಯಷ್ಟು ನುಣ್ಣಗೆ ಮೇಯುತ್ತಿದ್ದವು. ಮೇಷ್ಟ್ರು ತಮ್ಮ ಬಸಳೆ ಚಪ್ಪರ ಉಳಿಸಿಕೊಳ್ಳಲು ಎರಡು ಕೈ ಅಗಲಿಸಿ ನಿಂತು, ಆ ಗೆರೆ ದಾಟಿದರೆ ಜಾಗ್ರತೆ ಎಂದು ಗದರುತ್ತಿದ್ದರು. ಮೂವತ್ತನಾಲ್ಕು ವರ್ಷ ಏಳನೇ ತರಗತಿಯನ್ನು ಅಲುಗಾಡದಂತೆ ಕೂರಿಸಿದ ಸ್ವರ ಅದು. ಕುರಿಗಳು ದಾಟಲಿಲ್ಲ.

ಬೇಲಿಯೇ ಇಲ್ಲದೆ ಪಾಲು ಮಾಡಿ ಮೇಯಿಸುತ್ತಾರಲ್ಲ ಎಂದು ಸಿರಿಲ್ ಡಾಕ್ಟ್ರು ಬೆರಗಾದರು. ಇದರ ತತ್ವ ಏನು ಎಂದು ಕೇಳಿದರು. ಮೇಷ್ಟ್ರು ಹಿಂತಿರುಗಿ ನೋಡಿದರೆ ಹದಿನಾಲ್ಕು ಮಂದಿ, ನಾಲ್ಕು ಜನರ ಕೈಯಲ್ಲಿ ಪುಸ್ತಕ, ಪೆನ್ನು. ಎಷ್ಟೋ ವರ್ಷವಾಗಿತ್ತು ಅಂಥ ದೃಶ್ಯ ಕಾಣದೆ. "ಮೊದಲನೆಯದಾಗಿ, ಬೇರಿಗೆ ವಿಶ್ರಾಂತಿ ಬೇಕು," ಎಂದು ಅವರು ಶುರು ಮಾಡಿದರು.

ಲೀಲಾಧರ ಮುಕ್ಕಾಲು ಗಂಟೆಯ ನಂತರ, ಹೆಗಲಲ್ಲಿ ಬಲೆ, ಕೈಯಲ್ಲಿ ದನದ ಹಗ್ಗ, ಇಸ್ತ್ರಿಯ ಅಂಗಿಯಲ್ಲಿ ಸೆಗಣಿ ಹೊತ್ತು ಬಂದಾಗ ಮೇಷ್ಟ್ರು ಹಿಕ್ಕೆಯವರೆಗೆ ತಲುಪಿದ್ದರು. ಒಂದಕ್ಷರ ಬಿಟ್ಟಿರಲಿಲ್ಲ. ಡಾಕ್ಟ್ರು ಎಲ್ಲರ ಕಡೆ ತಿರುಗಿ, ಇದೇ ಸರಿಯಾದ ಕ್ರಮ, ಎಲ್ಲರೂ ಹೀಗೆ ಮಾಡಬೇಕು ಎಂದರು. ಗುಂಪಿನ ಹಿಂದೆ ನಿಂತಿದ್ದ ಪುಷ್ಪಾವತಿ ಅದನ್ನು ಕೇಳಿದಳು. ಅವಳು ಕೇಳಿದ್ದನ್ನು ಲೀಲಾಧರನೂ ನೋಡಿದ.

ಕುರಿ ನನ್ನದು ಎಂಬ ಮಾತು ಅವನ ಬಾಯಿಯವರೆಗೆ ಬಂದಿತ್ತು. ಹೇಳಿದರೆ, ಬೇಲಿ ಹರಿದು ಮಂದಿಯ ಹಿತ್ತಲಿಗೆ ನುಗ್ಗಿದ ಕುರಿಯೂ ನನ್ನದೇ ಆಗುತ್ತದೆ. ಡಾಕ್ಟ್ರು ಹೊಗಳಿದ್ದನ್ನು ವಾಪಸು ತೆಗೆದುಕೊಂಡರೆ ನಾಳೆ ಟೆಂಪೊ. ಗೆದ್ದ ಆಟದಲ್ಲಿ ಬಾಯಿ ಯಾಕೆ ಹಾಕಬೇಕೆಂದು ಆ ಮಾತನ್ನು ನುಂಗಿದ.

ಡಾಕ್ಟ್ರು ಅವನ ಕಡೆ ನೋಡಿ, ದನವನ್ನು ಹೀಗೆ ರಸ್ತೆಗೆ ಬಿಟ್ಟರೆ ಇಂಥವರ ಕೆಲಸ ಹಾಳಾಗುವುದಿಲ್ಲವೇ ಎಂದು ಗದರಿದರು. "ದನ ನಿಮ್ಮದಾ?"

ಹೌದೆಂದು ತಲೆಯಾಡಿಸಿದರೆ ಮಾತು ಮುಗಿಯುತ್ತದಲ್ಲ ಎಂದು ಅವನು ತಲೆಯಾಡಿಸಿದ. ರಮಾಮಣಿಯಮ್ಮ ಒಳಗೆ ಹದಿನಾಲ್ಕು ಲೋಟ ಚಹಾ ಸೋಸುತ್ತಿದ್ದರು. ಡಾಕ್ಟರ ಸಹಾಯಕ ಕುರಿಗಳ ಕಿವಿಗೂ ದನದ ಕಿವಿಗೂ ಹಳದಿ ಬಿಲ್ಲೆ ಚುಚ್ಚಿ, ಮೊಬೈಲಿನಲ್ಲಿ ಏನೋ ಒತ್ತಿಕೊಂಡು, ಇಬ್ಬರ ಹೆಸರನ್ನೂ ನಂಬರನ್ನೂ ಕೇಳಿದ. ಮುಂದಿನ ಭಾಷಣಕ್ಕೆ ಕರೆಯಲಿಕ್ಕಿರಬೇಕೆಂದು ಮೇಷ್ಟ್ರು ಕೂಡಲೇ ಕೊಟ್ಟರು. ಲೀಲಾಧರನೂ ಕೊಟ್ಟ.

ಜೀಪು ಹೋದ ಮೇಲೆ ಇಬ್ಬರ ಮೊಬೈಲೂ ಒಟ್ಟಿಗೆ ಟಿಂಗ್ ಎಂದಿತು. ಸರಕಾರದ ಲೆಕ್ಕದಲ್ಲಿ ಕುರಿ ಹತ್ತು, ಮಾಲೀಕರು ಜನಾರ್ದನ. ದನ ಒಂದು, ಮಾಲೀಕರು ಲೀಲಾಧರ.

ಅವನು ಕಂಪೌಂಡಿಗೆ ಓಡಿದ. ಈಗಲೇ ಫೋನ್ ಮಾಡಿ ಹೆಸರು ಸರಿ ಮಾಡಿಸಬೇಕೆಂದು ಬೇಡಿದ. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು.

"ಹಾಗೆ ಮಾಡಿದರೆ ನಾನು ಡಾಕ್ಟ್ರಿಗೆ ಸುಳ್ಳು ಹೇಳಿದ ಹಾಗೆ ಆಗ್ತದಲ್ಲ, ಲೀಲಾಧರ. ಸುಳ್ಳು ಹೇಳಬಾರದು ಅಂತ ಈ ಊರಿಗೆಲ್ಲ ಕಲಿಸಿದವನು ನಾನು. ಬರುವ ಶನಿವಾರ ಸಂತೆಕಟ್ಟೆಯಿಂದ ಒಂದು ತಂಡ ಬರ್ತದಂತೆ. ಅದು ಕಳೆಯಲಿ, ಮತ್ತೆ ನೋಡುವ. ಕುರಿಯನ್ನು ಪಾಲಿನಿಂದ ಪಾಲಿಗೆ ದಾಟಿಸುವುದು ಮಾತ್ರ ನನಗೆ ಬರುವುದಿಲ್ಲ."

ಲೀಲಾಧರ ಮನೆಗೆ ಬಂದು ಜಗಲಿಯಲ್ಲಿ ಕುಸಿದ. ಒಳಗೆ ಪುಷ್ಪಾವತಿ ತಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ ಅವಳು.

"ನಾಳೆ ಟೆಂಪೊ ಬೇಡ, ಅಖಿಲ್. ಡಾಕ್ಟ್ರು ಸರಿ ಅಂತ ಹೇಳಿದ್ದಾರೆ, ಕುರಿ ಇರಲಿ. ನಮ್ಮಲ್ಲಿ ಅಲ್ಲ, ಮೇಷ್ಟ್ರಲ್ಲಿ. ನಿನ್ನ ಭಾವನಾ? ಅವರಿಗೆ ಪುರುಸೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಮೇಷ್ಟ್ರ ಕುರಿ ಮೇಯಿಸ್ಲಿಕ್ಕೆ ಹೋಗ್ಲಿಕ್ಕೆ ಉಂಟು."