ಬಾಯಲ್ಲಿ ಲವಂಗ, ಕಪ್ಪಿನಲ್ಲಿ ನೊರೆ

ಸಂಶಿ ಹೈಸ್ಕೂಲಿನ ಸಮಾಜ ವಿಜ್ಞಾನದ ಮಾಸ್ತರ ಪ್ರಭುವಿಗೆ ಮೂವತ್ತಾರು ದಾಟಿದರೂ ಮದುವೆಯಾಗದಿರಲು ಕಾರಣ ಜಾತಕವಲ್ಲ, ಬಾಯಿ. ಯಾವುದನ್ನೂ ವಿವರಿಸದೆ ಬಿಡುವುದು ಅವನಿಂದ ಆಗದ ಮಾತು. ಒಮ್ಮೆ ಕನ್ಯಾ ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು, ಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ಬಂದ ಕತೆ ಶುರು ಮಾಡಿದ. ಹಡಗು ಗೋವೆ ಮುಟ್ಟುವಷ್ಟರಲ್ಲಿ ಹುಡುಗಿ ಎದ್ದು ಒಳಗೆ ಹೋಗಿದ್ದಳು. ಹೀಗೆ ಏಳು ಸಂಬಂಧ ತಪ್ಪಿದ್ದವು.

ಎಂಟನೆಯವಳು ಅಣ್ಣಿಗೇರಿಯ ಅಮೃತಾ. ಅಲ್ಲಿನ ಗ್ರಂಥಾಲಯದಲ್ಲಿ ಕೆಲಸ. ಹುಬ್ಬಳ್ಳಿಯ ಕಾಫಿ ಅಂಗಡಿಯಲ್ಲಿ ಇಬ್ಬರೂ ಭೇಟಿಯಾದಾಗ ಅವಳು ಕ್ಯಾಪುಚಿನೋ ತರಿಸಿದಳು. ಅದನ್ನು ಮಾಡುವ ಬಗೆ ಹೇಳತೊಡಗಿದ ಪ್ರಭು ನಿಲ್ಲಿಸಿದ್ದು ಅವಳ ಬಸ್ಸಿನ ಹೊತ್ತಾದಾಗಲೇ.

"ಇದೇನ್ ದೊಡ್ಡ ಕೆಲಸಲ್ರಿ, ಮನ್ಯಾಗೂ ಮಾಡಬಹುದು," ಎಂದು ಬೇರೆ ಅಂದುಬಿಟ್ಟ.

"ಹಂಗಾರ ಐತವಾರ ಮನಿ ನೋಡಾಕ ಬರ್ತೀವಲ್ರಿ, ಆವಾಗ ಮಾಡಿ ಕುಡಸ್ರಿ," ಎಂದು ಅವಳು ನಕ್ಕಳು.

ಆ ನಗು ಪ್ರಭುವಿನ ಎದೆಯಲ್ಲಿ ಉಳಿದುಬಿಟ್ಟಿತು. ಇವಳು ತಪ್ಪಿದರೆ ಮದುವೆಯೇ ಬೇಡ ಅನ್ನುವಷ್ಟು ಅವಳು ಅವನಿಗೆ ಹಿಡಿಸಿದ್ದಳು. ಆದರೆ ಐತವಾರ ಬಂದೇ ಬಂತು, ಅವನೋ ಹುಟ್ಟಿದಾಗಿನಿಂದ ಒಂದು ಕಪ್ ಚಹಾ ಕೂಡ ಕಾಸಿದವನಲ್ಲ.

"ಮೂರು ಪಾಲು ಇರ್ತಾವ ಅವ್ವಾ," ಎಂದು ಫೋನ್ ನೋಡಿ ತಾಯಿ ಶಾರದವ್ವನಿಗೆ ಓದಿ ಹೇಳಿದ. "ತಳದಾಗ ಗಟ್ಟಿ ಕಾಫಿ, ನಡುವ ಬಿಸಿ ಹಾಲು, ಮ್ಯಾಲೆ ನೊರಿ. ಕಾಫಿ ಪುಡಿಯೊಳಗ ಬಿಸಿನೀರು ಒತ್ತಡದಿಂದ ಹಾಯಬೇಕು. ಹಾಲಿಗೆ ಉಗಿ ಬಿಡಬೇಕು."

ಬರುವ ಮಂದಿಗೆ ಕೂಡಲು ಕುರ್ಚಿ ಕೊಡಲು ಬಂದಿದ್ದ ಬಾಜು ಮನೆಯ ಖಾಜಾಸಾಬನ ಕಿವಿ ನೆಟ್ಟಗಾಯಿತು. ಅವನದು ವೆಲ್ಡಿಂಗ್ ಅಂಗಡಿ. "ಒತ್ತಡ, ಉಗಿ ಅಂದ್ರ ಕುಕ್ಕರ್ ಅಲ್ಲೇನ್ರಿ ಮಾಸ್ತರ? ಸೀಟಿ ತಗದು ಒಂದು ಪೈಪು ಕುಂದರಸಿದ್ರ ಆತು."

ಅರ್ಧ ತಾಸಿನಲ್ಲಿ ಪೈಪು ಕೂತಿತು. ಅದರ ತುದಿಯನ್ನು ಹಾಲಿನ ಪಾತ್ರೆಯಲ್ಲಿ ಅದ್ದಿ ಒಲೆ ಹಚ್ಚಿದರು. ಮೊದಲು ಗೊರಗೊರ, ಆಮೇಲೆ ಬುಸ್ಸೆಂಬ ಸದ್ದು. ಹಾಲು ಪಾತ್ರೆ ಬಿಟ್ಟು ಎದ್ದು ಅರ್ಧ ತಲೆಯ ಮೇಲಿನ ಮಾಳಿಗೆಗೆ ಬಡಿಯಿತು, ಅರ್ಧ ಖಾಜಾಸಾಬನ ಗಡ್ಡಕ್ಕೆ. ಪುಣ್ಯಕ್ಕೆ ಹಾಲು ಇನ್ನೂ ಕಾದಿರಲಿಲ್ಲ.

"ನೊರಿ ಬಂತು ನೋಡ್ರಿ," ಎಂದ ಖಾಜಾಸಾಬ, ಗಡ್ಡ ಮುಟ್ಟಿಕೊಂಡು.

ಸದ್ದಿಗೆ ಅವನ ಹೆಂಡತಿ ಖಾದರಬಿ ಓಡಿ ಬಂದಳು. "ಮಾಸ್ತರ, ನಿಮ್ಮ ಸಂಸಾರ ಹೂಡೂದ್ರಾಗ ನನ್ನ ಸಂಸಾರ ಮುಗಸಬ್ಯಾಡ್ರಿ."

ಶಾರದವ್ವ ಪೈಪು ಕಿತ್ತು ಮೂಲೆಗೆ ಎಸೆದಳು. ಎಮ್ಮೆಯ ಬಿಸಿ ಹಾಲನ್ನು ಗಡಿಗೆಗೆ ಸುರಿದು, ಮಜ್ಜಿಗೆ ಕಡೆಯುವ ಕಡಗೋಲು ಇಳಿಸಿ ಹಗ್ಗ ಎಳೆಯತೊಡಗಿದಳು. ನೋಡನೋಡುತ್ತಿದ್ದಂತೆ ಅರಳಿದ ಹತ್ತಿಯ ಹಾಗೆ ನೊರೆ ಗಡಿಗೆಯ ಬಾಯಿಗೆ ಬಂತು.

ಪ್ರಭುವಿನ ಸಂತೋಷಕ್ಕೆ ಪಾರವಿರಲಿಲ್ಲ. ಸಂತೋಷವಾದರೆ ಅವನ ಬಾಯಿ ಸುಮ್ಮನಿರುತ್ತದೆಯೇ? "ಇದಕ್ಕ ಈ ಹೆಸರು ಹೆಂಗ ಬಂತು ಗೊತ್ತೇನವ್ವಾ? ಇಟಲಿಯೊಳಗ ಕ್ಯಾಪುಚಿನ್ ಅಂತ ಸನ್ಯಾಸಿಗಳ ಪಂಥ ಐತಿ. ಅವರ ನಿಲುವಂಗಿದು ಅಗದಿ ಇದ ಬಣ್ಣ. ಹಿಂದಕ ವಿಯೆನ್ನಾದಾಗ ಕಾಫಿಗೆ ಕೆನಿ ಹಾಕಿ ಕುಡಿಯೋರು ಆ ಬಣ್ಣ ನೋಡಿ ಹೆಸರಿಟ್ರು. ಆಮ್ಯಾಲೆ ಇಟಲಿಯವರು ಮಶೀನು ಮಾಡಿ ನೊರಿ ಎಬ್ಬಿಸಿದ್ರು."

ಕಡಗೋಲು ನಿಂತಿತು. "ಯಾರ ಬಟ್ಟಿ ಬಣ್ಣ ಅಂದಿ?"

"ಸನ್ಯಾಸಿಗಳದು."

"ಲೇ ಪ್ರಭ್ಯಾ, ಮದುವಿ ಮಾತಾಡೂ ದಿನ ಸನ್ಯಾಸಿ ಹೆಸರಿನ ಕಾಫಿನ? ನಾ ಕಡಿಯಾಂಗಿಲ್ಲ."

"ನೀ ಸ್ವಾಮಿಗಳ ಪಾದಕ್ಕ ಬೀಳೂದಿಲ್ಲೇನು?"

"ಪಾದಕ್ಕ ಬೀಳೂದು ಬ್ಯಾರೆ, ಮಗನ್ನ ಮಠಕ್ಕ ಬಿಡೂದು ಬ್ಯಾರೆ."

ಅಷ್ಟರಲ್ಲಿ ಕುಂದಗೋಳ ದಾಟಿದೆವೆಂದು ಅಮೃತಾಳ ತಂದೆ ಶಂಕ್ರಪ್ಪನವರ ಫೋನ್ ಬಂತು. ಖಾದರಬಿಯೇ ಪಂಚಾಯ್ತಿ ಮಾಡಿದಳು. "ಶಾರದಕ್ಕ, ಕಾಫಿದು ಏನೂ ತಪ್ಪಿಲ್ಲ, ತಪ್ಪೆಲ್ಲಾ ಮಾಸ್ತರ ಬಾಯಿದು. ಸನ್ಯಾಸಿ ಸುದ್ದಿ ಅವರ ಮುಂದ ಬರಬಾರದು ಅಷ್ಟ." ಒಳಗಿಂದ ಒಂದು ಹಿಡಿ ಲವಂಗ ತಂದು ಪ್ರಭುವಿನ ಅಂಗೈಗೆ ಹಾಕಿದಳು. "ಒಂದು ಬಾಯಾಗ ಇಟ್ಕೋರಿ. ಮಾತು ಬಂತಂದ್ರ ಕಡೀರಿ."

"ಬಾಯಿ ಬಿಟ್ಟಿ ಅಂದ್ರ ನಿನಗ ಕನ್ಯಾ ಹುಡುಕೂದು ಇವತ್ತಿಗೆ ಮುಗೀತು," ಎಂದು ಶಾರದವ್ವ ಮತ್ತೆ ಹಗ್ಗ ಹಿಡಿದಳು.

ಬೀಗರು ಬಂದರು, ಕಾಫಿಯೂ ಬಂತು. ಮೇಲೆ ಎರಡು ಬೆರಳು ನೊರೆ. ಶಂಕ್ರಪ್ಪನವರು ಗುಟುಕರಿಸಿ ಬಿಳಿಯಾದ ಮೀಸೆ ಒರೆಸಿಕೊಂಡರು. "ಎಮ್ಮಿ ಹಾಲೇನ್ರಿ ಮಾಸ್ತರ?"

ಎಮ್ಮೆ ಹಾಲಿನ ಜಿಡ್ಡಿನ ಮೇಲೆ ಪ್ರಭುವಿನ ಹತ್ತಿರ ಮುಕ್ಕಾಲು ತಾಸಿನ ಪಾಠವಿತ್ತು. ಲವಂಗ ಕಡಿದ. "ಹೌದ್ರಿ."

ಅಮೃತಾ ಕಪ್ ಕೆಳಗಿಟ್ಟು, ಕಣ್ಣರಳಿಸಿ ಅವನತ್ತ ತಿರುಗಿದಳು. "ಅಗದಿ ಚಲೋ ಆಗೇತ್ರಿ. ಇದಕ್ಕ ಕ್ಯಾಪುಚಿನೋ ಅನ್ನೂ ಹೆಸರು ಹೆಂಗ ಬಂತ್ರಿ?"

ಅಡುಗೆಮನೆಯ ಬಾಗಿಲಲ್ಲಿ ಶಾರದವ್ವನ ಕಣ್ಣು, ಕಿಟಕಿಯಲ್ಲಿ ಖಾಜಾಸಾಬನ ಗಡ್ಡ. ಪ್ರಭು ನಾಲ್ಕು ಲವಂಗ ಒಟ್ಟಿಗೆ ಕಡಿದ. "ಗೊತ್ತಿಲ್ರಿ."

"ಮತ್ತ ನಿಮ್ಮೂರಿಗೆ ಸಂಶಿ ಅನ್ನೂ ಹೆಸರು?"

"ಗೊತ್ತಿಲ್ರಿ."

ಅವಳು ಕಪ್ ಅತ್ತ ಸರಿಸಿ ಎದ್ದಳು. ಕುಂಕುಮ ಹಚ್ಚಿಸಿಕೊಂಡು, ನಮಸ್ಕಾರ ಮಾಡಿ ಎಲ್ಲರೂ ಗಾಡಿ ಹತ್ತಿದರು. ಹುಟ್ಟಿದ ಮೇಲೆ ಮೊದಲ ಸಲ ಪ್ರಭು ಮಂದಿಯ ಮುಂದೆ ಒಂದು ತಾಸು ಸುಮ್ಮನೆ ಕೂತಿದ್ದ. ಖಾಜಾಸಾಬ ಒಳಗೆ ಬಂದು ಅವನ ಬೆನ್ನು ತಟ್ಟಿದ.

ಗಾಡಿ ಹೋಗಿ ಅರ್ಧ ತಾಸೂ ಆಗಿರಲಿಲ್ಲ, ಫೋನ್ ಬಂತು. ಶಾರದವ್ವ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿಸಿದಳು.

"ಅವ್ವಾರ, ಮನಿ ಚಲೋ ಐತ್ರಿ, ಕಾಫಿನೂ ಚಲೋ ಇತ್ತು," ಎಂದರು ಶಂಕ್ರಪ್ಪನವರು. "ಆದ್ರ ಹುಡುಗಿ ಒಲ್ಲೆ ಅಂತಾಳ್ರಿ. ದಿನಾ ಗ್ರಂಥಾಲಯದಾಗ ಎಂಟು ತಾಸು ಪಿಟ್ ಅನ್ನದ ಕುಂದರ್ತಾಳ. ಹುಬ್ಬಳ್ಳ್ಯಾಗ ಮಾಸ್ತರ ಮಾತು ಕೇಳಿ, ಮನ್ಯಾಗರೆ ಮಾತು ಇರ್ತಾವಂತ ಖುಷಿ ಆಗಿದ್ಲು. ಇವತ್ತ ನೋಡಿದ್ರ ಅವರು ಸನ್ಯಾಸಿ ಹಂಗ ಕುಂತಿದ್ರು. ಸನ್ಯಾಸಿಗೆ ಕನ್ಯಾ ಹೆಂಗ ಕೊಡೂದ್ರಿ?"

"ನಾ ಮೊದಲ ಹೇಳಿದ್ದಿಲ್ಲೇನು," ಎಂದಳು ಶಾರದವ್ವ, ಮಗನ ಕಡೆ ತಿರುಗಿ. "ಆ ಹೆಸರಿನ ಕಾಫಿ ಬ್ಯಾಡಂತ."

ಪ್ರಭು ಫೋನ್ ಕಸಿದುಕೊಂಡ. ಇಟಲಿ, ವಿಯೆನ್ನಾ, ನಿಲುವಂಗಿ, ಕಡಗೋಲು ಎಲ್ಲವನ್ನೂ ವಿವರಿಸಲು ಬಾಯಿ ತೆರೆದ. ಹನ್ನೊಂದು ಲವಂಗ ತಿಂದ ನಾಲಿಗೆ ಮರಗಟ್ಟಿ ಹೋಗಿತ್ತು. ಬರೀ ಗಾಳಿ ಹೊರಟಿತು.

"ನೋಡ್ರಿ, ಈಗೂ ಮಾತಿಲ್ಲ," ಎಂದು ಶಂಕ್ರಪ್ಪನವರು ಫೋನ್ ಇಟ್ಟರು.